ಮೂರು ಶೇಡ್ ಜಾಸ್ತಿ

ನಮ್ಮ ಮಾವನಿಗೆ ಬಣ್ಣ ಸರಿಯಾಗಿ ಕಾಣುತ್ತಿಲ್ಲ ಎನ್ನುವುದು ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಅದನ್ನು ಅವರಿಗೆ ಹೇಳಬಾರದು ಎಂದು ತೀರ್ಮಾನವಾದದ್ದೂ ಅದೇ ಸಂಜೆ. ತೀರ್ಮಾನ ಮಾಡಿದವರು ಮೂವರು, ಅದರಲ್ಲಿ ನಾನೂ ಒಬ್ಬಳು. ಆಮೇಲೆ ನಡೆದದ್ದಕ್ಕೆಲ್ಲ ಅತ್ತೆಯನ್ನೂ ಗಂಡನನ್ನೂ ಬೈದುಕೊಂಡು ತಿರುಗಿದೆನಾದರೂ ನನ್ನ ಪಾಲು ಎಷ್ಟೆಂದು ನನಗೆ ಗೊತ್ತಿದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮಾವನ ಹೆಸರು ಜವರಯ್ಯ. ಮದ್ದೂರಿನ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಕೆಜಿಎಫ್‌ನ ಕಾರ್ಖಾನೆಗೆ ಸೇರಿ, ಮಣ್ಣು ಅಗೆಯುವ ದೊಡ್ಡ ದೊಡ್ಡ ಯಂತ್ರಗಳಿಗೆ ಬಣ್ಣ ಹೊಡೆಯುವ ಪೇಂಟ್ ಶಾಪಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಬಂಗಾರಪೇಟೆಯಲ್ಲಿ ರೈಲ್ವೆ ಗೇಟಿನಾಚೆ ಒಂದು ಹಾಲು, ಎರಡು ರೂಮಿನ ಮನೆ ಹಿಡಿದೆವು. ನನ್ನ ಗಂಡ ನವನೀತ್ ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದಾನೆ. ನಾನು ದಿನಾ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋಗಿ ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ಸೀರೆಗೆ ಬ್ಲೌಸ್ ಪೀಸು, ಲೈನಿಂಗ್, ಫಾಲ್ಸು ಹೊಂದಿಸಿ ಕೊಡುವ ಅಂಗಡಿ. ಹಸಿರು ಒಂದರಲ್ಲೇ ನಮ್ಮಲ್ಲಿ ನಲವತ್ತು ಬಗೆ ಇದೆ. ಹೊರಗಿನವರಿಗೆ ಅದು ನಲವತ್ತು ಸಲ ಒಂದೇ ಹಸಿರು. ನನಗೆ ನಲವತ್ತು ಬೇರೆ ಬೇರೆ ಹಸಿರು. ಹೊಗಳಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆರು ವರ್ಷ ನಿಂತೇ ಕಲಿತ ವಿದ್ಯೆ.

ಮಾವನ ಹವ್ಯಾಸ ಪುಟ್ಟ ಕಾರುಗಳನ್ನು ಕಟ್ಟುವುದು. ಆಟದ ಸಾಮಾನಲ್ಲ. ನಿಜವಾದ ಗಾಡಿಯ ಅಳತೆ ತೆಗೆದು, ಅದನ್ನು ಇಪ್ಪತ್ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ, ಬಾಗಿಲ ಹಿಡಿಯಿಂದ ಹಿಡಿದು ಎಲ್ಲವನ್ನೂ ಅದರಂತೆಯೇ ಮಾಡುವುದು. ಬೋರ್ಡು ಬರೆಯುವವರು ಬಳಸುವ ಸನ್‌ಬೋರ್ಡ್ ಹಾಳೆಯಲ್ಲಿ ಬಾಡಿ, ಹಳೇ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಚಕ್ರ, ಹೊಸ ಷರ್ಟಿನ ಡಬ್ಬಿಯ ಪ್ಲಾಸ್ಟಿಕ್ಕಿನಲ್ಲಿ ಗಾಜು, ಬಾಲ್‌ಪೆನ್ನಿನ ರೀಫಿಲ್ಲಿನಲ್ಲಿ ಸೈಲೆನ್ಸರು. ಮೇಲೆ ಪುಟ್ಟಿ, ಉಜ್ಜುವ ಕಾಗದ, ಪ್ರೈಮರು, ಮತ್ತೆ ಉಜ್ಜುವ ಕಾಗದ. ಕೊನೆಗೆ ಬಣ್ಣ.

ಬಣ್ಣಕ್ಕೆ ಬಂದರೆ ಅವರ ಮುಖವೇ ಬೇರೆಯಾಗುತ್ತಿತ್ತು. ಶೇಡ್ ಕಾರ್ಡು ಮುಟ್ಟುತ್ತಿರಲಿಲ್ಲ. ಒಂದು ಸಲ ನೋಡಿದ ಬಣ್ಣ ತಲೆಯಲ್ಲಿ ಇರುತ್ತದೆ ಎನ್ನುವರು. ಇರುತ್ತಿದ್ದದ್ದು ನಿಜ. ಕಾರ್ಖಾನೆಯಲ್ಲಿ ಡಬ್ಬಿಯ ನಂಬರು ಅಳಿಸಿಹೋದರೆ ಜವರಯ್ಯನನ್ನು ಕರೆಯುತ್ತಿದ್ದರಂತೆ. ಮನೆಯಲ್ಲೂ ಹಾಗೆಯೇ: ಸಿರಿಂಜಿನಲ್ಲಿ ಇಷ್ಟು ಬಿಳಿ, ಇಷ್ಟು ಹಳದಿ, ಒಂದು ಹನಿ ಕಪ್ಪು ಎಂದು ಬಾಟಲಿ ಮುಚ್ಚಳದಲ್ಲಿ ಕಲಸಿ, ಎಡಗೈ ಹೆಬ್ಬೆರಳಿನ ಉಗುರಿಗೆ ಒಂದು ಚುಕ್ಕೆ ಹಚ್ಚಿಕೊಂಡು ಒಣಗುವವರೆಗೂ ಸುಮ್ಮನೆ ಕೂತಿರುವರು. ಆ ಉಗುರು ಖಾಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ.

ಅತ್ತೆ ಕೆಂಪಮ್ಮನಿಗೆ ಈ ಕಾರುಗಳನ್ನು ಕಂಡರೆ ಆಗುತ್ತಿರಲಿಲ್ಲ. ಥಿನ್ನರ್ ವಾಸನೆಗೆ ತಲೆನೋವು, ಉಜ್ಜಿದ ಪುಡಿ ಸಾರಿಗೆ ಬೀಳುತ್ತದೆ, ಹಾಲಿನ ಗೋಡೆ ತುಂಬ ಹಲಗೆ. ಮುದ್ದೆ ತಿರುವುತ್ತಾ ತಿರುವುತ್ತಾ ಬೈಯುವರು. ಮನುಷ್ಯರು ಕಾಲು ಚಾಚಲು ಜಾಗವಿಲ್ಲದ ಮನೆಯಲ್ಲಿ ಕಾರಿಗೆ ಸ್ಟ್ಯಾಂಡು ಬೇರೆ ಎನ್ನುವರು. ಮಾವ ಒಂದು ಮಾತೂ ಆಡದೆ ಸಾರು ಸುರಿದುಕೊಳ್ಳುವರು. ಬೈಸಿಕೊಂಡ ದಿನ ಅರ್ಧ ಮುದ್ದೆ ಜಾಸ್ತಿಯೇ ಇಳಿಯುತ್ತಿತ್ತು. ಮೊದಮೊದಲು ನನಗೆ ಈ ಗಂಡಹೆಂಡಿರ ನಡುವೆ ಏನೋ ಸರಿಯಿಲ್ಲ ಅನ್ನಿಸಿತ್ತು. ಎರಡು ತಿಂಗಳಲ್ಲಿ ಗೊತ್ತಾಯಿತು, ಅದು ಅವರ ಸರಸ.

ಕಳೆದ ದೀಪಾವಳಿಯ ಹೊತ್ತಿಗೆ ಮಾವ ಒಂದು ಅಂಬಾಸಿಡರ್ ಮುಗಿಸಿದರು. ಕೆನೆ ಬಣ್ಣದ್ದು. ನನ್ನ ಕೈಗಿಟ್ಟು, ಹೇಗಿದೆ ಎಂದು ಕೇಳಿದರು. ಅದು ಕೆನೆ ಬಣ್ಣವಾಗಿರಲಿಲ್ಲ. ನೀಲಿ ಜಾಸ್ತಿ ಹಾಕಿ ಒಗೆದ ಬಿಳಿ ಪಂಚೆಯ ಬಣ್ಣವಾಗಿತ್ತು. ಟ್ಯೂಬ್‌ಲೈಟಿನಲ್ಲಿ ನೋಡಿ ಬಟ್ಟೆ ಕತ್ತರಿಸಬಾರದು, ಬೀದಿಗೆ ತಂದು ನೋಡಬೇಕು ಎನ್ನುವುದು ನಮ್ಮ ಅಂಗಡಿಯ ಮೊದಲ ಪಾಠ. ಬಟ್ಟೆ ಒಣಗಿದೆಯೇನೋ ನೋಡಿ ಬರುತ್ತೇನೆ ಎಂದು ನೆಪ ಹೇಳಿ ಕಾರನ್ನು ಬಿಸಿಲಿಗೆ ತಂದೆ. ಬಿಸಿಲಿನಲ್ಲಿ ಇನ್ನೂ ನೀಲಿ. ಒಳಗೆ ಬಂದು ಚೆನ್ನಾಗಿದೆ ಮಾವ ಎಂದೆ. ಅಂಗಡಿಯಲ್ಲಿ ದಿನಕ್ಕೆ ಐವತ್ತು ಸಲ ಆಡುವ ಮಾತು ತಾನಾಗಿ ಬಾಯಿಗೆ ಬಂತು.

ಸಂಜೆ ಅವರು ಹಾಲು ತರಲು ಹೋದಾಗ ನವನೀತನಿಗೆ ಹೇಳಿದೆ. ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಂಡು ಬಂದರು. ಅವರಿಗೆ ಬೇರೆ ಲಕ್ಷಣಗಳೂ ಗೊತ್ತಿದ್ದವು: ಬಿಳಿ ಬನಿಯನ್ನು ಕೊಟ್ಟರೆ ಮಾವ ಇದನ್ನು ಒಗೆದೇ ಇಲ್ಲ, ಹಳದಿಯಾಗಿದೆ ಎನ್ನುತ್ತಿದ್ದರಂತೆ; ಕರಿ ಪ್ಯಾಂಟೆಂದು ನೀಲಿಯದನ್ನು ಹಾಕಿಕೊಂಡು ಹೋಗಿದ್ದರಂತೆ. ಪೊರೆ ಬಂದಿರಬೇಕು, ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದೆ. ಅತ್ತೆಗೆ ಹೆದರಿಕೆ. ಮದ್ದೂರಿನಲ್ಲಿ ಮಾವನ ಅಣ್ಣ ಎಷ್ಟೋ ವರ್ಷದ ಹಿಂದೆ ಕಣ್ಣಿನ ಆಪರೇಷನ್ ಮಾಡಿಸಿ ಆ ಕಣ್ಣೇ ಹೋಗಿತ್ತು. ಆಪರೇಷನ್ ಎಂದರೆ ಈ ಮನುಷ್ಯ ಒಪ್ಪುವುದಿಲ್ಲ, ಬಣ್ಣ ತಪ್ಪಿದೆ ಎಂದರೆ ಊಟ ಬಿಟ್ಟುಬಿಡುತ್ತಾರೆ ಎಂದರು.

"ನಿಧಾನಕ್ಕೆ ಹೇಳೋಣ ಕಣೇ," ಎಂದ ನವನೀತ್. "ರಿಟೈರ್ ಆಗಿ ಎರಡು ವರ್ಷ ಆಗಿಲ್ಲ. ಅವರಿಗೆ ಉಳಿದಿರೋದೇ ಇದೊಂದು."

ನಿಧಾನ ಎಂದರೆ ಎಷ್ಟು ನಿಧಾನ ಎಂದು ನಾನು ಕೇಳಬೇಕಿತ್ತು. ಹಬ್ಬ ಕಳೆಯಲಿ ಎಂದರು, ಆಮೇಲೆ ಸಂಕ್ರಾಂತಿ ಕಳೆಯಲಿ ಎಂದರು. ಹಬ್ಬಗಳೇನು, ನಮ್ಮಲ್ಲಿ ಮುಗಿಯುವುದುಂಟೆ?

ಬರೀ ಹೇಳದೆ ಬಿಟ್ಟಿದ್ದರೆ ಒಂದು ಪಕ್ಷ ನಡೆದುಹೋಗುತ್ತಿತ್ತೇನೋ. ಆದರೆ ನಾವು ಒಳ್ಳೆಯವರಾಗಲು ಹೊರಟೆವು. ಮಾರನೇ ಮಧ್ಯಾಹ್ನವೇ ಅತ್ತೆ ಮುದ್ದೆಯ ಮೇಲೆ ತುಪ್ಪ ಸುರಿದು, ಆ ಬಿಳೇ ಕಾರು ಚಂದಾಗೈತೆ ಕಣ್ರೀ ಎಂದರು. ಮಾವ ತುತ್ತನ್ನು ಅರ್ಧಕ್ಕೇ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಆವತ್ತು ಮುದ್ದೆ ಪೂರ್ತಿ ಉಣ್ಣಲೂ ಇಲ್ಲ. ಮುಂದಿನ ತಿಂಗಳು ಮಾವ ಕೇಳದೆಯೇ ನವನೀತ್ ಬಣ್ಣ ಊದುವ ಹೊಸ ಗನ್ನು, ಸಣ್ಣ ಕಂಪ್ರೆಸರು ತಂದುಕೊಟ್ಟ. ಎಷ್ಟಾಯಿತು ಎಂದರೆ ಬಿಡಪ್ಪ ಎಂದ. ಇವನೇ ಹಿಂದೆ ಒಂದು ಡಬ್ಬಿ ಪ್ರೈಮರಿಗೆ ಮುಖ ಗಂಟಿಕ್ಕುತ್ತಿದ್ದವನು. ಅವರೆಕಾಯಿ ಕಾಲದಲ್ಲಿ ಅತ್ತೆ ವಾರಕ್ಕೆ ಮೂರು ದಿನ ಹಿದುಕವರೆ ಸಾರು ಮಾಡಿದರು. ಕಾಳು ಹಿದುಕಿ ಹಿದುಕಿ ನನ್ನ ಉಗುರೂ ಬಣ್ಣಗೆಟ್ಟಿತು. ಮನೆಯಲ್ಲಿ ಜಗಳ ನಿಂತುಹೋಯಿತು. ಕೇಳಲು ಚೆನ್ನಾಗಿದೆ ಅಲ್ಲವೆ? ಕೂತು ಉಣ್ಣುವವರಿಗೆ ಗೊತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಾವ ಬದಲಾದರು. ಉಪ್ಪು ಕಡಿಮೆಯಾದರೂ ಕೇಳುತ್ತಿರಲಿಲ್ಲ. ಒಂದು ಭಾನುವಾರ ನವನೀತನನ್ನು ಕೂರಿಸಿಕೊಂಡು ಸ್ಕೂಟರಿನ ಕಾಗದ ಎಲ್ಲಿದೆ, ಗ್ಯಾಸಿನ ಪುಸ್ತಕ ಯಾರ ಹೆಸರಿಗೆ ಮಾಡಿಸಬೇಕು, ಪೆನ್ಷನ್ನಿಗೆ ಅತ್ತೆಯ ಫೋಟೋ ಕೊಟ್ಟಾಗಿದೆಯೋ ಇಲ್ಲವೋ ಎಲ್ಲವನ್ನೂ ಹೇಳಿದರು. ನವನೀತ್ ಹೂಂ ಹೂಂ ಎಂದ. ಆಮೇಲೆ ಒಂದೊಂದೇ ಕಾರು ಹಲಗೆಯಿಂದ ಇಳಿಯತೊಡಗಿತು. ಕೆಜಿಎಫ್‌ನ ಕೋರಮಂಡಲ್‌ನಲ್ಲಿರುವ ಹಳೇ ನೆರೆಯವರಾದ ಮಾರಿಯಮ್ಮನಿಗೆ ಒಂದು, ಜೊತೆ ಕೆಲಸ ಮಾಡಿದ ಶ್ರೀನಿವಾಸಪ್ಪನಿಗೆ ಒಂದು. ಹತ್ತು ವರ್ಷ ಯಾರಿಗೂ ಮುಟ್ಟಲು ಬಿಡದಿದ್ದ ಕಾರುಗಳು. ವಯಸ್ಸಾದ ಮೇಲೆ ಕೈ ದೊಡ್ಡದಾಯಿತು ಎಂದು ನಾವು ಮಾತಾಡಿಕೊಂಡೆವು. ಅತ್ತೆಯಂತೂ ಗೋಡೆಯಲ್ಲಿ ಜಾಗವಾಯಿತಲ್ಲ ಎಂದು ಕ್ಯಾಲೆಂಡರು ನೇತುಹಾಕಿದರು.

ಸಂಕ್ರಾಂತಿಯಾದ ಮೇಲೆ ಒಂದು ದಿನ ನಾನು ಕೆಲಸದಿಂದ ಬರುವುದನ್ನೇ ಕಾದಿದ್ದು, ನಿಮ್ಮಪ್ಪನ ಜೀಪಿನ ಫೋಟೋ ಇದೆಯಾ ಎಂದು ಕೇಳಿದರು.

ನಮ್ಮಪ್ಪ ಮುನಿಸ್ವಾಮಪ್ಪ ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಇಪ್ಪತ್ತು ವರ್ಷ ಅದೇ ಜೀಪು. ಬಸ್ಸು ತಪ್ಪಿದವರು, ಹಾಲಿನ ಕ್ಯಾನು, ಮದುವೆ ಸಾಮಾನು, ಹೆರಿಗೆಗೆ ಹೊರಟವರು, ಎಲ್ಲರೂ ಅದರಲ್ಲೇ. ನನ್ನನ್ನು ನೋಡಲು ಮಾವ, ಅತ್ತೆ ಬಂದಾಗಲೂ ಅಪ್ಪ ಸ್ಟೇಷನ್ನಿಗೆ ಅದೇ ಜೀಪು ಒಯ್ದಿದ್ದರು. ಅಪ್ಪ ಹೋಗಿ ಎರಡು ವರ್ಷವಾಯಿತು, ಜೀಪನ್ನು ಗುಜರಿಗೆ ಕೊಟ್ಟೆವು. ಅದನ್ನು ಮಾಡಿ ಬೀಗಿತ್ತಿಗೆ ಕೊಡಬೇಕು ಎಂದರು ಮಾವ. ನನಗೆ ಅಳು ಬಂತು. ಜೊತೆಗೇ ಹೆದರಿಕೆಯೂ ಆಯಿತು, ಏಕೆಂದರೆ ಅಪ್ಪನ ಜೀಪು ನೀಲಿ.

ಮದುವೆಯ ಫೋಟೋದಲ್ಲಿ ಜೀಪಿನ ಮೂತಿ ಮಾತ್ರ ಇತ್ತು, ಅದೂ ಲೈಟ್ ಬಿದ್ದು ಬಿಳುಚಿಕೊಂಡಿತ್ತು. ಐದು ವಾರ ಹಿಡಿಯಿತು. ಹಿಂದಿನ ಏಣಿ, ಮೇಲೆ ಕಟ್ಟಿದ ಹಗ್ಗ, ಬಗ್ಗಿದ ಬಂಪರು, ಡ್ರೈವರ್ ಸೀಟಿನ ಮೇಲೆ ಅಪ್ಪ ಹಾಸುತ್ತಿದ್ದ ಟವಲು, ಒಂದನ್ನೂ ಬಿಡಲಿಲ್ಲ. ಬಾಗಿಲಿಗೆ ಹಾಕುವ ಹಿಡಿ ಮೂರು ಸಲ ಮುರಿಯಿತು, ನಾಲ್ಕನೆಯದನ್ನು ಸೇಫ್ಟಿ ಪಿನ್ನಿನಲ್ಲಿ ಮಾಡಿದರು. ಬಣ್ಣಕ್ಕೆ ಬಂದ ದಿನ ನಾನು ಗಟ್ಟಿ ಮನಸ್ಸು ಮಾಡಿ ಅವರ ಪಕ್ಕ ಕೂತೆ. ಊರಲ್ಲಿ ಜೀಪಿನ ಚೂರೇನಾದರೂ ಉಳಿದಿದೆಯೇನೋ ಅಮ್ಮನನ್ನು ಕೇಳುತ್ತೇನೆ, ಎದುರಿಗಿಟ್ಟುಕೊಂಡು ಕಲಸಿ ಮಾವ ಎಂದೆ.

"ನಾನೇನು ಬ್ಲೌಸ್ ಪೀಸ್ ಮ್ಯಾಚ್ ಮಾಡ್ತಾ ಇದ್ದೀನಾ ಕಣವ್ವ?" ಎಂದರು. ನಗುತ್ತಲೇ ಎಂದರು. "ಆ ಗಾಡೀಲಿ ಕೂತು ಬಂದಿವ್ನಿ. ಸುಣ್ಣಕ್ಕೆ ನೀಲಿ ಕಲಸ್ದಂಗಿತ್ತು. ಕಣ್ಮುಂದೇ ಐತೆ."

ಆಗ ಹೇಳಬೇಕಿತ್ತು. ಅವರು ಅಷ್ಟು ಖುಷಿಯಲ್ಲಿರುವಾಗ ನನಗೆ ಬಾಯಿ ಬರಲಿಲ್ಲ. ಉಗುರಿನ ಮೇಲೆ ಚುಕ್ಕೆ ಒಣಗಿತು. ಸುಣ್ಣದ ನೀಲಿಯಲ್ಲ, ನವಿಲಿನ ಕತ್ತಿನ ನೀಲಿ. ಸರಿಯಾ ಎಂದು ಕೇಳಿದರು. ಸರಿ ಮಾವ ಎಂದೆ.

ಶಿವರಾತ್ರಿಗೆ ಮುಂಚಿನ ಭಾನುವಾರ ನಾಲ್ಕೂ ಜನ ಕಾಮಸಮುದ್ರದ ಬಸ್ಸು ಹತ್ತಿ ನಮ್ಮೂರಿಗೆ ಹೋದೆವು. ಜೀಪು ಮಾವನ ತೊಡೆಯ ಮೇಲೆ, ನಮ್ಮ ಅಂಗಡಿಯ ಬ್ಲೌಸ್ ಪೀಸಿನ ಡಬ್ಬಿಯಲ್ಲಿ.

ನಮ್ಮಮ್ಮ ಆದಿಲಕ್ಷ್ಮಮ್ಮ ಎರಡು ಸೀಮೆಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಇರುವವಳು. ಮಾತಿಗೆ ಬೆಣ್ಣೆ ಹಚ್ಚುವ ಅಭ್ಯಾಸವಿಲ್ಲ. ಡೈರಿಯಲ್ಲಿ ಯಾರ ಹಾಲಿಗೆ ನೀರು ಬಿದ್ದಿದೆ ಎನ್ನುವುದನ್ನು ಅವರ ಮುಖದ ಮೇಲೇ ಹೇಳಿ ನಾಲ್ಕು ಮನೆಯವರ ಮಾತು ಕಳೆದುಕೊಂಡಿದ್ದಾಳೆ. ಊಟಕ್ಕೆ ಮುಂಚೆ ಜಗುಲಿಯ ಮೇಲೆ ಮಾವ ಡಬ್ಬಿ ಬಿಚ್ಚಿ ಜೀಪನ್ನು ಅವಳ ಕೈಗಿಟ್ಟರು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿದಳು. ಏಣಿ ನೋಡಿದಳು, ಹಗ್ಗ ನೋಡಿದಳು. ಸೀಟಿನ ಮೇಲಿನ ಟವಲನ್ನು ಕಿರುಬೆರಳಿನಿಂದ ಮುಟ್ಟಿದಳು. ಕಣ್ಣೊರೆಸಿಕೊಂಡಳು.

"ಗಾಡಿ ನಮ್ದೇ ಬೀಗ್ರೇ," ಎಂದಳು. "ಬಣ್ಣ ನಮ್ದಲ್ಲ."

ಅತ್ತೆ ಥಟ್ಟನೆ ನಡುವೆ ಬಂದು, ಬಣ್ಣ ಚಂದಾಗೈತಲ್ಲ ಬುಡಿ, ಹಸಿವಾಗೈತೆ ಎಂದು ಏನೇನೋ ಹೇಳಿದರು. ನವನೀತ್ ನನ್ನ ಕಡೆ ನೋಡಿದ. ನಾನು ಅಮ್ಮನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ನಮ್ಮಮ್ಮನಿಗೆ ಸನ್ನೆ ಅರ್ಥವಾಗುತ್ತದೆ, ಕೇಳುವುದಿಲ್ಲ ಅಷ್ಟೆ.

ಮಾವ ಕೋಪ ಮಾಡಿಕೊಳ್ಳಲಿಲ್ಲ. "ನಂಗೆ ಬಣ್ಣ ತಪ್ಪಲ್ಲ ಕಣಮ್ಮ. ಆ ಗಾಡೀಲಿ ಕೂತಿವ್ನಿ."

"ನೀವು ಒಂದಿನ ಕೂತಿದ್ರಿ. ನಾನು ಇಪ್ಪತ್ತೊರ್ಸ ತೊಳ್ದಿದೀನಿ."

ಅಷ್ಟು ಹೇಳಿ ಅಮ್ಮ ಅವರನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಎಲ್ಲರೂ ಹಿಂದೆ ಹೋದೆವು. ಸರ್ವಿಸ್ ಜೀಪಿನವರು ಇಳಿಯಲು ಹತ್ತಲು ಅಡ್ಡಿ ಎಂದು ಡ್ರೈವರ್ ಕಡೆಯ ಬಾಗಿಲನ್ನೇ ಬಿಚ್ಚಿಡುತ್ತಾರೆ. ಅಪ್ಪ ಯಾವತ್ತೋ ಬಿಚ್ಚಿಟ್ಟ ಬಾಗಿಲು ಗುಜರಿಗೆ ಹೋಗದೆ ಉಳಿದು, ಕರು ಆಚೆ ಬಾರದಂತೆ ಕೊಟ್ಟಿಗೆಯ ಮೂಲೆಗೆ ಅಡ್ಡವಾಗಿ ನಿಂತಿತ್ತು. ನಾನೇ ಅದನ್ನು ಮರೆತಿದ್ದೆ. ಅಮ್ಮ ಅದನ್ನು ಎಳೆದು ಅಂಗಳದ ಬಿಸಿಲಿಗೆ ತಂದು ಗೋಡೆಗೆ ಒರಗಿಸಿದಳು. ಬಿಸಿಲಿಗೆ ಹೊರಗಡೆ ಬಣ್ಣ ಹಾರಿರುತ್ತದೆ, ಒಳಮಗ್ಗುಲು ತೋರಿಸಿ ಎಂದರು ಮಾವ. ಪೇಂಟ್ ಶಾಪಿನ ಮನುಷ್ಯ. ಬಾಗಿಲನ್ನು ತಿರುಗಿಸಿ, ಸಗಣಿಯನ್ನು ತಮ್ಮ ಹೆಗಲ ಟವಲಿನಿಂದ ತಾವೇ ಒರೆಸಿ, ನೀರು ಹಾಕಿಸಿ ತೊಳೆದು, ಒಣಗುವವರೆಗೂ ಕಾದರು. ಆಮೇಲೆ ಜೀಪನ್ನು ಅದರ ಪಕ್ಕಕ್ಕೆ ಹಿಡಿದರು.

ನೆನಪಿನಲ್ಲಿರುವ ಬಣ್ಣ ಮೋಸ ಮಾಡಬಹುದು. ಪಕ್ಕಪಕ್ಕ ಇಟ್ಟರೆ ಪೊರೆ ಬಂದ ಕಣ್ಣಿಗೂ ವ್ಯತ್ಯಾಸ ಕಾಣುತ್ತದೆ. ಅವರಿಗೆ ಕಂಡಿತು. ಕಂಡದ್ದು ನಮಗೂ ಗೊತ್ತಾಯಿತು, ಜೀಪು ಹಿಡಿದ ಕೈ ಕೆಳಗಿಳಿಯಿತು.

"ಸುಕನ್ಯ," ಎಂದರು. "ಎಷ್ಟು?"

"ಮೂರು ಶೇಡ್ ಜಾಸ್ತಿ ನೀಲಿ, ಮಾವ."

"ಇದೊಂದೇನಾ?"

"ಇಲ್ಲ. ದೀಪಾವಳಿ ಅಂಬಾಸಿಡರ್‌ನಿಂದ. ಕಣ್ಣಿಗೆ ಪೊರೆ ಬಂದಿದೆ ಅನ್ಸುತ್ತೆ."

"ಇವ್ರಿಗೂ ಗೊತ್ತಾ?"

ನಾನು ಉತ್ತರ ಕೊಡುವ ಮುಂಚೆ ಅವರು ಅತ್ತೆಯ ಕಡೆ, ನವನೀತನ ಕಡೆ ನೋಡಿದರು. ಇಬ್ಬರೂ ತಲೆ ತಗ್ಗಿಸಿದ್ದರು. ಬೈಯುತ್ತಾರೆ ಎಂದುಕೊಂಡೆ. ಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಕಣ್ಣಾ?" ಎಂದರು. "ಬರೀ ಕಣ್ಣಾ?"

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು, ತಡವರಿಸಿಕೊಂಡು. ದೀಪಾವಳಿಯ ಆ ವಾರ ನಿವೃತ್ತರ ಸಂಘದವರು ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದ್ದರು. ರಿಪೋರ್ಟು ತರಲು ಹೋದವನು ನವನೀತ್. ಎಲ್ಲಾ ಸರಿಯಾಗಿದೆ ಎಂದು ಹೇಳಿ ಅದನ್ನು ಅವರಿಗೆ ತೋರಿಸದೆಯೇ ಬೀರುವಿನಲ್ಲಿಟ್ಟ. ನಿಜವಾಗಿಯೂ ಸರಿಯಾಗಿತ್ತು. ಆದರೆ ಮಾರನೇ ದಿನವೇ ಹೆಂಡತಿ ತುಪ್ಪ ಸುರಿದು ಕಾರನ್ನು ಹೊಗಳಿದಳು. ಮಗ ಕೇಳದೇ ಇದ್ದ ಗನ್ನು ತಂದ. ಸೊಸೆ ತಲೆಯಾಡಿಸುತ್ತಾ ಹೋದಳು.

"ಮದ್ವೆ ಆದಾಗ್ಲಿಂದ ನನ್ ಕಾರಿಗೆ ಒಂದು ಒಳ್ಳೆ ಮಾತು ಆಡ್ದೋಳಲ್ಲ," ಎಂದರು ಮಾವ. "ರಿಪೋರ್ಟ್ ಬಂದ್ ಮಾರ್ನೇ ದಿನಕ್ಕೇ ಚಂದಾಗೈತೆ ಅಂದ್ಲು. ನಾನ್ ಏನು ಅನ್ಕೋಬೇಕು? ಇನ್ನು ಜಾಸ್ತಿ ದಿನ ಇಲ್ಲ, ಇವ್ರು ಮುಚ್ಚಿಡ್ತಾವ್ರೆ ಅನ್ಕಂಡೆ."

ಗ್ಯಾಸಿನ ಪುಸ್ತಕ, ಸ್ಕೂಟರಿನ ಕಾಗದ, ಮಾರಿಯಮ್ಮನ ಕಾರು, ಈ ಜೀಪು ಎಲ್ಲವೂ ಒಮ್ಮೆಗೇ ನನ್ನ ತಲೆಗೆ ಹೊಕ್ಕವು. ನಾಲ್ಕು ತಿಂಗಳು ಈ ಮನುಷ್ಯ ಸಾಯುತ್ತೇನೆ ಎಂದುಕೊಂಡು ನಮ್ಮೆದುರು ಹಿದುಕವರೆ ಸಾರು ಉಂಡಿದ್ದಾರೆ. ನಾವು ಬಡಿಸಿದ್ದೇವೆ.

ಅತ್ತೆ ನೆಲಕ್ಕೆ ಕುಸಿದು ಕೂತು ಅತ್ತರು. ಅಳು ಮುಗಿಯುವ ಮುಂಚೆಯೇ ಕೋಪ ಬಂತು. "ಸಾಯೋ ಮಾತ್ನ ನಾಕು ತಿಂಗ್ಳು ಒಬ್ರೇ ಮಡಿಕ್ಕಂಡಿದ್ರಾ? ನನ್ನ ಒಂದ್ ಮಾತು ಕೇಳಕ್ಕೆ ನಿಮಗೆ ಬಾಯಿರ್ನಿಲ್ವಾ?"

"ನಿಮಗೆಲ್ಲ ಹೇಳಕ್ಕೆ ಬಾಯಿತ್ತಾ?" ಎಂದರು ಮಾವ.

ಬೀಗರ ಮನೆ ಅಂಗಳ ಎನ್ನುವುದನ್ನೂ ಮರೆತು ಗಂಡಹೆಂಡಿರು ಅರ್ಧ ಗಂಟೆ ಕಿತ್ತಾಡಿಕೊಂಡರು. ನವನೀತ್ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಅನ್ನಿಸಿಕೊಂಡ. ಅಮ್ಮ ಮಾತ್ರ ಒಳಗೆ ಹೋಗಿ ಎಲೆ ಹಾಕಿದಳು. ಯಾರೂ ಸರಿಯಾಗಿ ಉಣ್ಣಲಿಲ್ಲ. ಜೀಪು ಅಂಗಳದ ಗೋಡೆಯ ಮೇಲೇ ಉಳಿದುಬಿಟ್ಟಿತು, ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಸಮಾಧಾನವಾಯಿತು, ಇನ್ನು ಎಲ್ಲಾ ಸರಿಹೋಯಿತು ಎಂದುಕೊಂಡರೆ ತಪ್ಪು. ಸಾವಿನ ಹೆದರಿಕೆ ಹೋದ ಮೇಲೆ ಅವರಿಗೆ ನೋವು ಶುರುವಾಯಿತು. ಅತ್ತೆಯ ಜೊತೆ ಜಗಳವಾಡಿಕೊಂಡು ಎರಡೇ ದಿನದಲ್ಲಿ ಸರಿಹೋದರು, ಮಗನ ಜೊತೆಯೂ ಮಾತಾಡಿದರು. ನನ್ನ ಜೊತೆ ಆಡಲಿಲ್ಲ. ಕಾಫಿ ಕೊಟ್ಟರೆ ತೆಗೆದುಕೊಳ್ಳುವರು, ಲೋಟ ಕೆಳಗಿಡುವರು, ಅಷ್ಟೇ. ಬಣ್ಣದ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದರು. ಕಣ್ಣಿನ ಡಾಕ್ಟರ ಮಾತೆತ್ತಿದರೆ ಎದ್ದು ಹೊರಗೆ ಹೋಗುವರು. ಇನ್ನು ಕಾರೂ ಬೇಡ, ಕಣ್ಣೂ ಬೇಡ, ನೋಡಿ ಆಗಬೇಕಾದದ್ದೇನು ಎಂದು ಅತ್ತೆಯ ಬಳಿ ಅಂದರಂತೆ.

ಏಳನೆಯ ದಿನ ನನಗೆ ತಡೆಯಲಾಗಲಿಲ್ಲ. ಅಂಗಡಿಗೆ ರಜೆ ಹಾಕಿ ಅವರ ಎದುರು ನೆಲದ ಮೇಲೆ ಕೂತು, ಅತ್ತೆಯೂ ಮುಚ್ಚಿಟ್ಟರು, ನಿಮ್ಮ ಮಗನೂ ಮುಚ್ಚಿಟ್ಟರು, ನನ್ನ ಮೇಲೆ ಮಾತ್ರ ಯಾಕೆ ಕೋಪ ಮಾವ ಎಂದು ಕೇಳಿದೆ.

"ಅವ್ರಿಗೆ ಬಣ್ಣ ಗೊತ್ತಿಲ್ಲ ಕಣವ್ವ," ಎಂದರು. "ಚಂದಾಗೈತೆ ಅಂದ್ರೂ ಒಂದೇ, ಇಲ್ಲ ಅಂದ್ರೂ ಒಂದೇ. ನೀನು ಬಣ್ಣ ನೋಡೋಳು. ನೀನ್ ಸರಿ ಅಂದ್ರೆ ಸರಿ ಅಂತ ಇದ್ದೆ."

ನನಗೆ ಅಳು ಬಂತು. ತಪ್ಪಾಯಿತು ಎಂದೆ. ಹೇಳಿದರೆ ನೀವು ಕೊರಗುತ್ತೀರಿ ಎಂದು ಹೆದರಿದೆ ಎಂದೆ. ಅವರು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಆಮೇಲೆ, ಆಪರೇಷನ್ ಆದರೆ ನೀಲಿ ಮೊದಲಿನಂತೆ ಕಾಣುತ್ತದಾ ಎಂದು ಕೇಳಿದರು. ಹೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

"ಗೊತ್ತಿಲ್ಲ ಮಾವ. ಕಾಣುತ್ತೆ ಅಂತಾರೆ. ನನಗೆ ಗೊತ್ತಿಲ್ಲ."

"ಸರಿ," ಎಂದರು. "ನಾಳೆ ಹೋಗಣ."

ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಒಂದು ಕಣ್ಣಿಗೆ ಮಾರ್ಚಿನಲ್ಲಿ, ಮೂರು ವಾರದ ಮೇಲೆ ಇನ್ನೊಂದಕ್ಕೆ. ಎರಡು ಸಲವೂ ಅತ್ತೆ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿಯಲಿಲ್ಲ. ಎರಡನೆಯ ಪಟ್ಟಿ ಬಿಚ್ಚಿ ಮನೆಗೆ ಬಂದ ಮಧ್ಯಾಹ್ನ ಮಾವ ಕಪ್ಪು ಕನ್ನಡಕ ತೆಗೆದು ಹಲಗೆಯ ಮುಂದೆ ನಿಂತರು. ಅಂಬಾಸಿಡರ್ ಎತ್ತಿಕೊಂಡು, ಥೂ, ಇದೇನು ಹೆಣಕ್ಕೆ ಹೊದಿಸುವ ಬಣ್ಣ ಎಂದರು. ನನ್ನನ್ನು ಕರೆದು ದೀಪಾವಳಿಯಿಂದೀಚೆಗಿನ ನಾಲ್ಕನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ಒಂದೊಂದೇ ಹೇಳು ಎಂದರು. ಹೇಳಿದೆ. ಇದು ಎರಡು ಶೇಡ್, ಇದು ನಾಲ್ಕು, ಇದರಲ್ಲಿ ಕೆಂಪು ಸತ್ತುಹೋಗಿದೆ, ಇದು ಸರಿಯಿದೆ. ಸರಿಯಿದೆ ಎಂದ ಒಂದನ್ನು ಅವರು ಕಿಟಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕೊನೆಗೆ ಸರಿಯೆಂದು ತಲೆಯಾಡಿಸಿದರು.

ಜೀಪು ಮಾತ್ರ ಅವರನ್ನು ಕೊರೆಯುತ್ತಿತ್ತು. ಬೀಗರ ಮನೆಯಲ್ಲಿ ತಪ್ಪು ಬಣ್ಣ ಇಟ್ಟು ಬಂದಿದ್ದೇನೆ ಎಂದು ದಿನಕ್ಕೆರಡು ಸಲ ಹೇಳುವರು. ಕಣ್ಣಿಗೆ ಧೂಳು ಬೀಳಬಾರದು ಎಂದು ಡಾಕ್ಟರು ಹೇಳಿದ ದಿನಗಳು ಮುಗಿಯುವುದನ್ನೇ ಎಣಿಸಿ, ಏಪ್ರಿಲ್ ಕೊನೆಯ ಭಾನುವಾರ ನನ್ನನ್ನು ಕರೆದುಕೊಂಡು ಊರಿಗೆ ಹೊರಟರು. ಚೀಲದಲ್ಲಿ ಹೊಸದಾಗಿ ಕಲಸಿದ ನೀಲಿ, ಥಿನ್ನರು, ಬ್ರಷ್ಷು, ಉಜ್ಜುವ ಕಾಗದ. ಅಲ್ಲೇ ಕೂತು ಬಾಗಿಲನ್ನು ಎದುರಿಗಿಟ್ಟುಕೊಂಡು ಬಣ್ಣ ಕೆರೆದು ಮತ್ತೆ ಹೊಡೆಯುವ ಲೆಕ್ಕ.

ಅಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದಳು. ಕೈ ತೊಳೆದು ಬಂದು ಕಣ್ಣು ಹೇಗಿದೆ ಎಂದು ವಿಚಾರಿಸಿ, ಕಾಫಿಗೆ ಇಟ್ಟಳು. ನಡುಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಜೀಪಿತ್ತು. ಮಾವ ಅದನ್ನು ನೋಡಿದರು. ಸರಿಯಾದ ಕಣ್ಣಿಗೆ ಅದೆಷ್ಟು ನೀಲಿಯಾಗಿ ಕಂಡಿತೋ, ಮುಖ ಕಿವುಚಿಕೊಂಡು, ನಾಚಿಕೆಯಿಂದ ನನ್ನ ಕಡೆ ತಿರುಗಿದರು. ಆಮೇಲೆ ಅಮ್ಮನಿಗೆ ಹೇಳಿದರು: ತಪ್ಪು ನನ್ನದು, ಅವತ್ತೇ ನೀವು ಹೇಳಿದಿರಿ, ಒಂದು ಗಂಟೆ ಕೊಡಿ ಸರಿಮಾಡಿ ಕೊಡುತ್ತೇನೆ. ಹೇಳುತ್ತಲೇ ಜೀಪನ್ನು ಎತ್ತಿಕೊಳ್ಳಲು ಕೈ ಚಾಚಿದರು.

ಅಮ್ಮ ಅವರಿಗಿಂತ ಮುಂಚೆ ಅದನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

"ಅಲ್ಲ ಕಣಮ್ಮ, ಬಣ್ಣ ಸರಿಯಿಲ್ಲ ಅಂತ ನೀವೇ ಅಂದ್ರಲ್ಲ," ಎಂದರು ಮಾವ.

"ಅಂದೆ. ಸರಿಯಿಲ್ದೇ ಇರೋದ್ನ ಸರಿಯಿಲ್ಲ ಅಂದೆ," ಎಂದಳು ಅಮ್ಮ. "ಬ್ಯಾಡ ಅಂದ್ನಾ ಬೀಗ್ರೇ?"

ಮಾವ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಚೀಲವನ್ನು ಬಾಗಿಲ ಹಿಂದೆ ಇಟ್ಟು, ಅಪ್ಪನ ಫೋಟೋದ ಎದುರು ಚಾಪೆಯ ಮೇಲೆ ಕೂತು, ಕಾಫಿ ಕೇಳಿದರು.